ಆಚಾರಿಯ ಪೆಟ್ಟಿಗೆಗೆ ಬ್ಯಾಟರಿ ಬಂದ ಕಥೆ

ಬೆಂಗಳೂರು ಕಡೆಯಿಂದ ಶಿರಾಡಿ ಘಾಟಿ ಇಳಿದು ಬರುವವರಿಗೆ ಗುಂಡ್ಯವೆಂದರೆ ಒಂದು ತಿರುವು, ಒಂದು ಚೆಕ್‌ಪೋಸ್ಟು, ಒಂದಿಷ್ಟು ಹೋಟೆಲು. ಸುಬ್ರಹ್ಮಣ್ಯದ ಬಸ್ಸು ಇಲ್ಲಿ ಎಡಕ್ಕೆ ಹೊರಳುತ್ತದೆ, ಮಂಗಳೂರಿನದು ನೇರ ಹೋಗುತ್ತದೆ. ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬ ತಾಲ್ಲೂಕಿಗೆ ಸೇರಿರುವ ಈ ಊರಿನ ಸುತ್ತ ಕಾಡು. ಕಾಡಿನ ನಡುವೆ ಅಲ್ಲೊಂದು ಅಡಕೆ ತೋಟ, ಇಲ್ಲೊಂದು ರಬ್ಬರ್ ತೋಟ, ತೋಟದ ಅಂಚಿಗೊಂದು ಮನೆ. ಮಳೆಗಾಲದ ಗಾಳಿಗೆ ಮರ ಉರುಳಿದರೆ ವಿದ್ಯುತ್ ತಂತಿಯೂ ಅದರ ಜೊತೆ ನೆಲಕ್ಕೆ. ಮತ್ತೆ ಕರೆಂಟು ಬರುವುದು ಸಂಜೆಗೋ, ನಾಳೆಗೋ, ನಾಡಿದ್ದಿಗೋ ಯಾರೂ ಹೇಳಲಾರರು.

ಕಳೆದ ಮಳೆಗಾಲದ ಅಂಥದೊಂದು ದಿನ ಗುಂಡ್ಯದಿಂದ ಒಳಗೆ, ಗುಡ್ಡದ ಮೇಲೆ ಏಳುತ್ತಿದ್ದ ಹೊಸ ಮನೆಯೊಂದಕ್ಕೆ ಹೋಗಿದ್ದೆ. ಬೆಳಗಿನಿಂದ ಕರೆಂಟಿಲ್ಲ, ಟೈಲ್ಸ್ ಹಾಕುವವರು ಕಟ್ಟರ್ ಬದಿಗಿಟ್ಟು ಬೀಡಿ ಸೇದುತ್ತ ಕುಳಿತಿದ್ದರು. ಆದರೆ ಒಳಕೋಣೆಯಿಂದ ಯಂತ್ರದ ಸದ್ದು ಕೇಳುತ್ತಲೇ ಇತ್ತು. ಹೋಗಿ ನೋಡಿದರೆ ಆಚಾರಿಯವರು ಕಿಟಕಿಯ ದಾರಂದಕ್ಕೆ ತೂತು ಕೊರೆಯುತ್ತಿದ್ದಾರೆ. ಕೈಯಲ್ಲಿದ್ದ ಡ್ರಿಲ್ಲಿಗೆ ವಯರಿರಲಿಲ್ಲ. ಪಕ್ಕದಲ್ಲಿ ಒಂದರ ಮೇಲೊಂದು ಕಚ್ಚಿ ನಿಂತ ಮೂರು ಪ್ಲಾಸ್ಟಿಕ್ ಪೆಟ್ಟಿಗೆ; ಕೆಳಗಿನದಕ್ಕೆ ಚಕ್ರ. ಅದರಾಚೆ ಗೋಡೆಗೆ ಒರಗಿಸಿದ್ದ ಗೋಣಿಚೀಲದಿಂದ ಬಾಚಿಯ ಹಿಡಿಯೊಂದು ಹೊರಗೆ ಇಣುಕುತ್ತಿತ್ತು. ಅದು ಅವರ ತಂದೆಯ ಕಾಲದ ಚೀಲ.

ಆ ಗೋಣಿಗೂ ಈ ಪೆಟ್ಟಿಗೆಗೂ ನಡುವೆ ಹೆಚ್ಚೆಂದರೆ ಎರಡು ತಲೆಮಾರಿನ ಅಂತರ. ಬ್ಯಾಟರಿ ಯಂತ್ರ ಬಂದದ್ದು ಕೇವಲ ಅನುಕೂಲದ ಸಂಗತಿ ಎಂದು ನಾನೂ ಮೊದಲು ತಿಳಿದಿದ್ದೆ. ಹಿಂದಿನದನ್ನು ಕೆದಕುತ್ತ ಹೋದಾಗ ಬೇರೆಯೇ ಒಂದು ಸಂಗತಿ ಕಂಡಿತು. ಈ ಸೀಮೆಯ ಬಡಗಿ ತನ್ನ ಹತ್ಯಾರನ್ನು ತಾನೇ ಆರಿಸಿಕೊಂಡದ್ದು ಕಡಿಮೆ. ಸಿಗುವ ಮರ, ಸಿಗುವ ಶಕ್ತಿ, ಹೆಗಲು ಹೊರಬಲ್ಲ ಭಾರ ಇವೇ ಅವನ ಪರವಾಗಿ ಆರಿಸಿವೆ. ಇಂದು ಆ ಸಾಲಿಗೆ ಯಂತ್ರ ತಯಾರಿಸುವ ಕಂಪನಿಯೂ ಸೇರಿದೆ.

ಹೆಗಲ ಮೇಲಿನ ಕಾರ್ಖಾನೆ

ಹಳೆಯ ಆಚಾರಿಯ ಗೋಣಿಯೊಳಗೆ ಏನಿರುತ್ತಿತ್ತು? ಮರ ಕೆತ್ತಿ ಸಪಾಟು ಮಾಡಲು ಬಾಚಿ. ಬೇರೆ ಬೇರೆ ಅಗಲದ ನಾಲ್ಕಾರು ಉಳಿ, ಅವನ್ನು ಹೊಡೆಯಲು ಹುಣಸೆ ಮರದ ಕೊಡತಿ. ನಯ ಮಾಡಲು ಕೀಸುಳಿ. ತೂತಿಗೆ ಬೈರಿಗೆ. ಒಂದೆರಡು ಗರಗಸ, ಅದರ ಹಲ್ಲು ತೀಡಲು ಅರ, ಮೂಲೆಮಟ್ಟ, ಸಾಣೆಕಲ್ಲು. ಕಬ್ಬಿಣದ ಭಾಗ ಕಮ್ಮಾರನಿಂದ ಬರುತ್ತಿತ್ತು, ಮರದ ಭಾಗವನ್ನು ಆಚಾರಿ ತಾನೇ ಮಾಡಿಕೊಳ್ಳುತ್ತಿದ್ದ. ಹಿಡಿ ಅವನ ಅಂಗೈಯ ಅಳತೆಗೇ ಇರುತ್ತಿತ್ತು. ಬೇರೆಯವರು ಹಿಡಿದರೆ ಹಿತವೆನಿಸುತ್ತಿರಲಿಲ್ಲ. ಮುರಿದರೆ ಅರ್ಧ ದಿನದ ಕೆಲಸ, ಹೊಸ ಹಿಡಿ ಸಿದ್ಧ.

ಅಳತೆಗೆ ಕೋಲು. 24 ಅಂಗುಲಕ್ಕೆ ಒಂದು ಕೋಲು, ಈಗಿನ ಲೆಕ್ಕಕ್ಕೆ ಸುಮಾರು 72 ಸೆಂಟಿಮೀಟರ್. ಮನೆಯ ಆಯ ಹಾಕುವುದಕ್ಕೆ ಇಂದಿಗೂ ಈ ಅಳತೆಯನ್ನೇ ಬಳಸುವವರು ನಮ್ಮಲ್ಲಿದ್ದಾರೆ.

ಆಚಾರಿ ನಡೆದೇ ಬರುತ್ತಿದ್ದ. ಹಾಗಾಗಿ ಚೀಲದ ಭಾರ ಒಂದು ಹೆಗಲನ್ನು ಮೀರುವಂತಿರಲಿಲ್ಲ. ದೊಡ್ಡ ಮನೆಯ ಕೆಲಸವಾದರೆ ತಿಂಗಳುಗಟ್ಟಲೆ ಅಲ್ಲೇ ಊಟ, ಅಲ್ಲೇ ಜಗಲಿಯಲ್ಲಿ ನಿದ್ದೆ. ಭಾರಿ ಕೆಲಸವೆಲ್ಲ ಮರ ಬಿದ್ದಲ್ಲೇ ನಡೆಯುತ್ತಿತ್ತು. ದಿಮ್ಮಿಯನ್ನು ಅಟ್ಟದ ಮೇಲೇರಿಸಿ ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. ಕೆಳಗಿನವನ ಕಣ್ಣಿಗೆ ಮರದ ಹುಡಿ ಬೀಳದ ದಿನವಿರಲಿಲ್ಲ. ಹತ್ಯಾರು ಮರದ ಬಳಿಗೆ ಹೋಗುತ್ತಿತ್ತೇ ಹೊರತು ಮರ ಹತ್ಯಾರಿನ ಬಳಿಗೆ ಬರುತ್ತಿರಲಿಲ್ಲ. ವಯರಿಲ್ಲದ ಯಂತ್ರವನ್ನು ಇಂದು ನಾವು ಹೊಸತೆಂದು ಕೊಂಡಾಡುವಾಗ ಇದು ನೆನಪಿರಬೇಕು: ಆ ಗೋಣಿಚೀಲದ ಎಲ್ಲ ಹತ್ಯಾರೂ ವಯರಿಲ್ಲದವೇ!

ಇಷ್ಟರಲ್ಲೇ ಅವರು ಮಾಡಿದ್ದೇನು ಎಂದು ತಿಳಿಯಬೇಕಾದರೆ ಮೂಡುಬಿದಿರೆಯ ಚೌಟರ ಅರಮನೆಗೆ ಹೋಗಬೇಕು. ಅಲ್ಲಿನ ಮರದ ಕಂಬಗಳಲ್ಲಿ ಒಂಬತ್ತು ಸ್ತ್ರೀಯರ ದೇಹಗಳಿಂದ ರೂಪುಗೊಂಡ ಆನೆ, ಐವರಿಂದಾದ ಕುದುರೆ, ಅಂದರೆ ನವನಾರೀಕುಂಜರ ಮತ್ತು ಪಂಚನಾರೀತುರಗ, ಇವೆಲ್ಲ ಉಳಿ ಕೊಡತಿಯ ಕೆಲಸ. ಗುಂಡ್ಯಕ್ಕೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಕುಕ್ಕೆ ಸುಬ್ರಹ್ಮಣ್ಯದ ಬ್ರಹ್ಮರಥ. ಚಂಪಾಷಷ್ಠಿಗೆ ಮುನ್ನ ಮಲೆಕುಡಿಯ ಜನಾಂಗದವರು ಕಾಡಿನ ಬೆತ್ತ ತಂದು ಅದರಿಂದ ರಥ ಕಟ್ಟುತ್ತಾರೆ. 2019ರಲ್ಲಿ ಕುಂದಾಪುರ ಸಮೀಪದ ಕೋಟೇಶ್ವರದಲ್ಲಿ ಹೊಸ ಬ್ರಹ್ಮರಥ ಸಿದ್ಧವಾಗಿ ಕುಕ್ಕೆಗೆ ಬಂತು. ರಥ ಹೊಸತಾದರೂ ಬೆತ್ತ ಕಟ್ಟುವ ಕೈ ಹಳೆಯದೇ.

ಹೆಂಚು ಕಲಿಸಿದ ಪಾಠ

ಬಡಗಿಯ ಕಸುಬಿನಲ್ಲಿ ಮೊದಲ ದೊಡ್ಡ ಪಲ್ಲಟ ಬಂದದ್ದು ಮರದಿಂದಲೂ ಅಲ್ಲ, ಯಂತ್ರದಿಂದಲೂ ಅಲ್ಲ, ಮಣ್ಣಿನಿಂದ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್, 1865ರಲ್ಲಿ ಜಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಜಾರ್ಜ್ ಪ್ಲೆಬ್ಸ್ಟ್ ಎಂಬವರು ಅದರ ಹಿಂದಿದ್ದವರು. ಮುಳಿಹುಲ್ಲಿನ ಮಾಡಿಗೂ ಕೈಯಲ್ಲಿ ಬಡಿದ ನಾಡಹೆಂಚಿಗೂ ಒಗ್ಗಿಹೋಗಿದ್ದ ಕರಾವಳಿಗೆ ಅಚ್ಚಿನಲ್ಲಿ ಒತ್ತಿದ, ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು ಬಂತು. ಮುಂದೆ ಅದೇ 'ಮಂಗಳೂರು ಹೆಂಚು' ಎಂದು ಹಡಗೇರಿ ದೇಶಾಂತರಕ್ಕೆ ಹೋಯಿತು.

ಮುಳಿಹುಲ್ಲಿನ ಅಡಿಯಲ್ಲಿ ಪಕ್ಕಾಸು ಸ್ವಲ್ಪ ಡೊಂಕಾಗಿದ್ದರೆ, ಸಲಾಕೆಗಳ ನಡುವಿನ ಅಂತರ ಹೆಚ್ಚುಕಡಿಮೆಯಾದರೆ ಏನೂ ಕೆಡುತ್ತಿರಲಿಲ್ಲ. ಹುಲ್ಲು ಎಲ್ಲವನ್ನೂ ಮುಚ್ಚಿಕೊಳ್ಳುತ್ತಿತ್ತು. ಕಚ್ಚುವ ಹೆಂಚಿಗೆ ಆ ಉದಾರತೆ ಇಲ್ಲ. ಎಲ್ಲ ಹೆಂಚಿನ ಅಳತೆಯೂ ಒಂದೇ ಆದ್ದರಿಂದ ರೀಪಿನಿಂದ ರೀಪಿಗೆ ಅಂತರವೂ ಒಂದೇ ಇರಬೇಕು. ಎಲ್ಲೋ ಅರ್ಧ ಅಂಗುಲ ತಪ್ಪಿದರೆ ಮೊದಲ ಮಳೆಗೆ ಮನೆಯೊಳಗೆ ಪಾತ್ರೆ ಇಡಬೇಕು. ಪಕ್ಕಾಸು ನೇರ ಬೇಕು, ರೀಪು ಒಂದೇ ದಪ್ಪ ಬೇಕು. ಬಾಚಿಯಲ್ಲಿ ಕೆತ್ತಿ ಈ ಒಂದೇ ಸಮ ತರುವುದು ಬೆವರಿನ ಕೆಲಸ. ಯಂತ್ರದ ಗರಗಸದ ಮಿಲ್ಲುಗಳು ಬಂದ ಮೇಲೆ ಸಿಗಿದ ಮರವೇ ಮನೆ ಬಾಗಿಲಿಗೆ ಬರತೊಡಗಿತು. ಕಾರ್ಖಾನೆಯೊಂದು ಅಳತೆ ನಿಗದಿ ಮಾಡುವುದು, ಬಡಗಿ ತನ್ನ ಕೆಲಸವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಶುರುವಾದದ್ದು ಹೀಗೆ. ಬಾಚಿ ಆಗಲೇ ಅರ್ಧ ಕೆಲಸ ಕಳೆದುಕೊಂಡಿತು.

ಆ ಗುಡ್ಡದ ಮನೆಯಲ್ಲಿ ಒಂದಕ್ಕೊಂದು ಕಚ್ಚಿ ನಿಂತಿದ್ದ ಪೆಟ್ಟಿಗೆಗಳನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ಈ ಹೆಂಚು.

ವಯರಿನ ಉದ್ದದಷ್ಟೇ ಲೋಕ

ಕೈಯಲ್ಲಿ ಹಿಡಿದು ಬಳಸಬಹುದಾದ ವಿದ್ಯುತ್ ಡ್ರಿಲ್ಲನ್ನು ಜರ್ಮನಿಯ ಸ್ಟುಟ್‌ಗಾರ್ಟ್‌ನ ಫೈನ್ ಕಂಪನಿ 1895ರಲ್ಲಿ ತಯಾರಿಸಿತು. ಅಮೆರಿಕದ ಬ್ಲ್ಯಾಕ್ ಆ್ಯಂಡ್ ಡೆಕ್ಕರ್ ಕಂಪನಿ ಅದಕ್ಕೆ ಪಿಸ್ತೂಲಿನಂಥ ಹಿಡಿ ಮತ್ತು ಬೆರಳಲ್ಲಿ ಒತ್ತುವ ಕುದುರೆಯನ್ನು ಜೋಡಿಸಿ 1917ರಲ್ಲಿ ಪೇಟೆಂಟ್ ಪಡೆಯಿತು. ಇಂದು ಯಾವ ಡ್ರಿಲ್ ಕೈಗೆತ್ತಿಕೊಂಡರೂ ಆಕಾರ ಅದೇ. ನಮ್ಮ ದೇಶದ ವರ್ಕ್‌ಶಾಪುಗಳಲ್ಲಿ ಮುಂಬಯಿಯ ರಾಲಿ ವುಲ್ಫ್ ಹೆಸರು ಬಹುಕಾಲ ಓಡಿತು. ನಮ್ಮ ಗಡಿಗೆ ಅಂಟಿಕೊಂಡ ಕೊಲ್ಲಾಪುರ ಜಿಲ್ಲೆಯ ಶಿರೋಳದಲ್ಲಿ 1976ರಲ್ಲಿ ಶುರುವಾದ ಕುಲಕರ್ಣಿ ಪವರ್ ಟೂಲ್ಸ್‌ನ 'ಕೆಪಿಟಿ' ಯಂತ್ರಗಳನ್ನು ಇಲ್ಲಿನ ಹಳೆಯ ಆಚಾರಿಗಳು ಈಗಲೂ ನೆನೆಯುತ್ತಾರೆ.

ಆದರೆ ಯಂತ್ರ ಬಂದೊಡನೆ ಬಡಗಿಗೆ ಹಗ್ಗ ಕಟ್ಟಿದಂತಾಯಿತು. ಕರೆಂಟಿದ್ದಲ್ಲಿ ಮಾತ್ರ ಕೆಲಸ, ವಯರು ಎಟುಕುವಷ್ಟೇ ದೂರ. ಹೊಸ ಮನೆಗೆ ತಾತ್ಕಾಲಿಕ ಸಂಪರ್ಕ ಸಿಗುವವರೆಗೆ ಪಕ್ಕದ ಮನೆಯಿಂದ ಎಳೆದ ವಯರು. ಅದರಲ್ಲಿ ವೋಲ್ಟೇಜು ಇಳಿದರೆ ಮೋಟಾರು ಬಿಸಿ, ಮಳೆಗೆ ಜೋಡಣೆ ನೆನೆದರೆ ಜೀವಕ್ಕೇ ಅಪಾಯ.

ವಿಚಿತ್ರವೆಂದರೆ ಇದೇ ಗುಂಡ್ಯ ಹೊಳೆಯ ನೀರಿನಿಂದ 400 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಹಾಕಿಕೊಂಡಿತ್ತು. ಅದಕ್ಕೆ ಪರಿಸರ ಅನುಮತಿ ಕೊಡಕೂಡದೆಂದು ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮ ಘಟ್ಟ ತಜ್ಞರ ಸಮಿತಿ 2011ರ ವರದಿಯಲ್ಲಿ ಹೇಳಿತು. ಆ ವಾದವಿವಾದ ಈ ಲೇಖನದ ವಿಷಯವಲ್ಲ. ಪತ್ರಿಕೆಗಳಲ್ಲಿ ಗುಂಡ್ಯದ ಹೆಸರು ವಿದ್ಯುತ್ತಿನ ಜೊತೆಗೇ ಬರುತ್ತಿದ್ದ ಆ ವರ್ಷಗಳಲ್ಲೂ ಇಲ್ಲಿನ ಬಡಗಿ ಕರೆಂಟಿಗೆ ಕಾಯುತ್ತಿದ್ದ ಎಂಬುದಷ್ಟೇ ಹೇಳಬೇಕಾದ ಮಾತು.

ಈ ನಡುವೆ ಮರವೂ ಬದಲಾಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂತು. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ ದೇಶದ ಅರಣ್ಯಗಳಲ್ಲಿ ಮರ ಕಡಿಯುವುದಕ್ಕೂ ಅರಣ್ಯದೊಳಗಿನ ಗರಗಸದ ಮಿಲ್ಲುಗಳಿಗೂ ಬಿಗಿ ಕಡಿವಾಣ ಹಾಕಿತು. ಕಾಡನ್ನು ನೋಡಿದರೆ ಆ ಆದೇಶ ಬರಲೇಬೇಕಿತ್ತು; ಬಡಗಿಯ ಕಡೆಯಿಂದ ನೋಡಿದರೆ ಅವನ ಕೈಕೆಳಗಿನ ವಸ್ತುವೇ ಬೇರೆಯಾಯಿತು. ಬೀಟೆ, ತೇಗ, ಕಿರಾಲ್‌ಬೋಗಿಯ ಜಾಗಕ್ಕೆ ಪಣಂಬೂರು ಬಂದರಿಗೆ ಬಂದಿಳಿವ ಹೊರದೇಶದ ದಿಮ್ಮಿ, ಮನೆ ಹಿತ್ತಿಲಿನ ಹಲಸು, ಔಷಧ ಹಾಕಿ ಹುಳು ತಡೆದ ರಬ್ಬರ್ ಮರ, ಎಲ್ಲಕ್ಕಿಂತ ಹೆಚ್ಚಾಗಿ ಪ್ಲೈವುಡ್ ಬಂದವು. ಕಡಬ, ಸುಳ್ಯದ ಕಡೆ ರಬ್ಬರ್ ಇಷ್ಟು ಹರಡಿದ್ದರಲ್ಲಿ, 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕೆಯಿಂದ ಮರಳಿದ ತಮಿಳರಿಗೆ ಕೆಲಸ ಕೊಡಲು ಸರ್ಕಾರವೇ ಬೆಳೆಸಿದ ತೋಟಗಳ ಪಾಲೂ ಇದೆ.

ಪ್ಲೈವುಡ್ಡಿಗೆ ಬಾಚಿ ಬೇಡ. ಕೀಸುಳಿಗೂ ಅಂಚಿನಲ್ಲಷ್ಟೇ ಕೆಲಸ. ಅದರ ಅಂಟು ಸಾಮಾನ್ಯ ಗರಗಸದ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ, ಆದ್ದರಿಂದ ಕಾರ್ಬೈಡ್ ಹಲ್ಲಿನ ಬ್ಲೇಡ್ ಬೇಕು. ಉಳಿಯಲ್ಲಿ ಕುಳಿ ತೋಡಿ ಕೂಡಿಸುವ ಬದಲು ಸ್ಕ್ರೂ ಹಾಕುವುದೇ ರೂಢಿ. ಒಂದು ಅಡುಗೆಮನೆಯ ಕಪಾಟಿಗೆ ನೂರಾರು ಸ್ಕ್ರೂ. ಅಂದರೆ ದಿನವಿಡೀ ಕೈಯಲ್ಲಿರುವ ಹತ್ಯಾರು ಎಂದರೆ ತೂತು ಕೊರೆದು ಸ್ಕ್ರೂ ತಿರುಗಿಸುವ ಯಂತ್ರ. ಬ್ಯಾಟರಿಗೆ ಹೇಳಿ ಮಾಡಿಸಿದ ಕೆಲಸ ಇದು. ವಯರಿಲ್ಲದ ಯಂತ್ರ ನಮ್ಮೂರಿಗೆ ಬರುವ ಮೊದಲೇ ಪ್ಲೈವುಡ್ ಅದಕ್ಕೆ ಮಣೆ ಹಾಕಿಟ್ಟಿತ್ತು ಎನ್ನಬಹುದು.

ಚಂದ್ರನಲ್ಲಿಗೆ ಹೋದ ಡ್ರಿಲ್

ಬ್ಯಾಟರಿ ಡ್ರಿಲ್ಲನ್ನು ಅಮೆರಿಕದ ನಾಸಾ ಚಂದ್ರಯಾನಕ್ಕಾಗಿ ಕಂಡುಹಿಡಿಯಿತು ಎಂಬ ಮಾತು ಪ್ರಚಾರದಲ್ಲಿದೆ. ಅದು ಪೂರ್ತಿ ನಿಜವಲ್ಲ. ನಿಕಲ್–ಕ್ಯಾಡ್ಮಿಯಂ ಬ್ಯಾಟರಿಯ ಡ್ರಿಲ್ಲನ್ನು ಬ್ಲ್ಯಾಕ್ ಆ್ಯಂಡ್ ಡೆಕ್ಕರ್ 1961ರಲ್ಲೇ ಹೊರತಂದಿತ್ತು. ಆ ಅನುಭವ ಬಾಹ್ಯಾಕಾಶಕ್ಕೆ ಉಪಯೋಗಕ್ಕೆ ಬಂತು. 1971ರ ಅಪೋಲೊ 15ರ ಯಾತ್ರಿಕರು ಬ್ಯಾಟರಿ ಡ್ರಿಲ್ಲಿನಿಂದ ಚಂದ್ರನ ನೆಲವನ್ನು ಸುಮಾರು 2.4 ಮೀಟರ್ ಆಳಕ್ಕೆ ಕೊರೆದು ಮಾದರಿ ತಂದರು.

ಭೂಮಿಯ ಮೇಲಿನ ಬಡಗಿಗೆ ಆ ಬ್ಯಾಟರಿ ಅಷ್ಟು ಹಿತವಾಗಿರಲಿಲ್ಲ. ಒಂದು ನಿಕಲ್–ಕ್ಯಾಡ್ಮಿಯಂ ಕೋಶ ಕೊಡುವುದು 1.2 ವೋಲ್ಟ್. ಜಪಾನಿನ ಮಕಿಟಾ 1978ರಲ್ಲಿ ತಂದು ಹೆಸರು ಗಳಿಸಿದ ಡ್ರಿಲ್ 7.2 ವೋಲ್ಟಿನದು, ಅಂದರೆ ಆರು ಕೋಶ. 18 ವೋಲ್ಟ್ ಬೇಕಾದರೆ ಹದಿನೈದು ಕೋಶ, ಹೊತ್ತವನ ಮಣಿಕಟ್ಟಿಗೇ ಶಿಕ್ಷೆ. ಸಾಲದ್ದಕ್ಕೆ ಕ್ಯಾಡ್ಮಿಯಂ ವಿಷಲೋಹ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ಬಿಟ್ಟ ಲಿಥಿಯಂ–ಅಯಾನ್ ಬ್ಯಾಟರಿ ಈ ಲೆಕ್ಕವನ್ನು ಬದಲಿಸಿತು. ಅದರ ಹಿಂದಿದ್ದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಅವರಿಗೆ 2019ರಲ್ಲಿ ನೊಬೆಲ್ ಬಂತು. ಕ್ಯಾಮೆರಾ, ಮೊಬೈಲ್‌ಗಳಲ್ಲಿ ಪಳಗಿದ ಆ ಬ್ಯಾಟರಿ 2003ರಲ್ಲಿ ಬಾಷ್ ಕಂಪನಿಯ ಪುಟ್ಟ ಸ್ಕ್ರೂಡ್ರೈವರಿಗೆ ಬಂತು. 2005ರ ಹೊತ್ತಿಗೆ ಮಿಲ್ವಾಕಿ ಮತ್ತು ಮಕಿಟಾ ಅದನ್ನು ದೊಡ್ಡ ಯಂತ್ರಗಳಿಗೆ ಕೂಡಿಸಿದವು. 1951ರಲ್ಲಿ ಬೆಂಗಳೂರಿನಲ್ಲಿ 'ಮೈಕೊ' ಆಗಿ ಶುರುವಾಗಿ 2008ರಲ್ಲಿ ಹೆಸರು ಬದಲಿಸಿಕೊಂಡದ್ದು ಇದೇ ಬಾಷ್ ಎಂದರೆ ನಮ್ಮ ಓದುಗರಿಗೆ ಗುರುತು ಸಿಕ್ಕೀತು.

ಕೊಳ್ಳುವುದು ಯಾವುದನ್ನು?

ಪುತ್ತೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತ ಯುವ ಬಡಗಿಯ ಮುಂದೆ ಇಂದು ಹಸಿರು, ನೀಲಿ, ಹಳದಿ, ಕೆಂಪು ಬಣ್ಣದ ಯಂತ್ರಗಳ ಸಾಲು. ಕಿಸೆಯಲ್ಲಿರುವುದು ಸಾಲದ ಹಣ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆ ಬಡಗಿಯೂ ಸೇರಿ 18 ಕಸುಬಿನವರಿಗೆ ಹತ್ಯಾರು ಕೊಳ್ಳಲು 15 ಸಾವಿರ ರೂಪಾಯಿವರೆಗೆ ನೆರವನ್ನೂ ಕಡಿಮೆ ಬಡ್ಡಿಯ ಸಾಲವನ್ನೂ ಇಟ್ಟಿತು. ಒಳ್ಳೆಯದೇ. ಆದರೆ ಒಂದು ಉತ್ತಮ ಡ್ರಿಲ್, ಎರಡು ಬ್ಯಾಟರಿ, ಒಂದು ಚಾರ್ಜರ್ ಕೊಂಡರೆ ಆ ಮೊತ್ತದ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಮೊದಲ ಸಲ ತಪ್ಪಿದರೆ ಸರಿಪಡಿಸಿಕೊಳ್ಳುವುದು ಕಷ್ಟ.

ತಪ್ಪುವುದು ಎಲ್ಲಿ? ಯಂತ್ರ ನೋಡಿ ಕೊಳ್ಳುವಲ್ಲಿ. ಕೊಳ್ಳುತ್ತಿರುವುದು ನಿಜಕ್ಕೂ ಬ್ಯಾಟರಿಯನ್ನು. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲ. ಮೊದಲ ಡ್ರಿಲ್ ಜೊತೆ ಬಂದ ಎರಡು ಬ್ಯಾಟರಿಯೇ ಮುಂದಿನ ಗರಗಸ, ಪ್ಲೇನರ್, ಸ್ಯಾಂಡರ್ ಯಾವ ಮನೆತನದ್ದಾಗಬೇಕು ಎಂದು ತೀರ್ಮಾನಿಸಿಬಿಡುತ್ತದೆ. ಸಂಬಂಧ ಮಾಡುವಾಗ ಹುಡುಗನನ್ನಷ್ಟೇ ನೋಡದೆ ಮನೆಯವರನ್ನೂ ನೋಡು ಎನ್ನುವುದಿಲ್ಲವೇ, ಹಾಗೆ. ಯುರೋಪಿನಲ್ಲಿ 2018ರಲ್ಲಿ ಮೆಟಾಬೊ ಕಂಪನಿ ಮುಂದಾಗಿ ಕೆಲವು ಕಂಪನಿಗಳ ನಡುವೆ ಒಂದೇ ಬ್ಯಾಟರಿಯ ಕೂಟ ಕಟ್ಟಿತು. ದೊಡ್ಡ ಕಂಪನಿಗಳೆಲ್ಲ ಒಂದಾಗುವ ಲಕ್ಷಣ ಮಾತ್ರ ಕಾಣುವುದಿಲ್ಲ.

ಇಲ್ಲಿ ನನಗೆ ತುಳುನಾಡಿನ ಕಲ್ಕುಡನ ಪಾಡ್ದನ ನೆನಪಾಗುತ್ತದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೇರೆಲ್ಲೂ ಅಂಥದನ್ನು ಮಾಡಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಉಳಿದ ಕೈಯಲ್ಲೇ ಅವನು ವೇಣೂರಿನಲ್ಲಿ ಇನ್ನೊಂದು ಗೊಮ್ಮಟನನ್ನು ಕಡೆದ ಎನ್ನುತ್ತದೆ ಕಥೆ. ಇತಿಹಾಸದ ಪ್ರಕಾರ ಕಾರ್ಕಳದ್ದು 1432, ವೇಣೂರಿನದು 1604, ಒಬ್ಬನೇ ಕಡೆದಿರಲಾರ. ಆದರೂ ಕುಶಲಕರ್ಮಿಯನ್ನು ತನ್ನೊಬ್ಬನಿಗೇ ಕಟ್ಟಿಹಾಕಿಕೊಳ್ಳುವ ಆಸೆ ಎಷ್ಟು ಹಳೆಯದು ಎಂಬುದಕ್ಕೆ ಪಾಡ್ದನ ಸಾಕ್ಷಿ. ಬ್ಯಾಟರಿಯ ತುದಿಯಲ್ಲಿರುವ ಪ್ಲಾಸ್ಟಿಕ್ ಜಾಡು ಅದನ್ನೇ ರಕ್ತವಿಲ್ಲದೆ ಮಾಡುತ್ತದೆ.

ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಅಂಕಿಗಳಲ್ಲೂ ಗೊಂದಲವಿದೆ. ಒಂದರ ಮೇಲೆ 18 ವೋಲ್ಟ್, ಇನ್ನೊಂದರ ಮೇಲೆ 20 ವೋಲ್ಟ್ ಎಂದಿರುತ್ತದೆ; 20 ಹೆಚ್ಚು ಬಲದ್ದೆಂದು ಭಾವಿಸಿ ಹಣ ಕೊಟ್ಟವರಿದ್ದಾರೆ. ಎರಡರೊಳಗೂ ಸಾಲಿನಲ್ಲಿ ಐದೇ ಲಿಥಿಯಂ ಕೋಶ. ಪೂರ್ತಿ ತುಂಬಿದ ಗಳಿಗೆಯಲ್ಲಿ ಅಳೆದರೆ ಒಂದಕ್ಕೆ ಸುಮಾರು 4 ವೋಲ್ಟಿನಂತೆ 20. ಕೆಲಸದ ಹೊತ್ತಿನ ಸರಾಸರಿ 3.6ರಂತೆ ಲೆಕ್ಕ ಹಾಕಿದರೆ 18. ಕೇಳಬೇಕಾದದ್ದು ಆ್ಯಂಪಿಯರ್–ಅವರ್. ಅದನ್ನು ವೋಲ್ಟಿನಿಂದ ಗುಣಿಸಿದರೆ ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿ ಸಿಗುತ್ತದೆ. 18 ವೋಲ್ಟಿನ 2 ಆ್ಯಂಪಿಯರ್–ಅವರ್ ಬ್ಯಾಟರಿಯಲ್ಲಿ 36 ವಾಟ್–ಅವರ್, 5ರದ್ದರಲ್ಲಿ 90. ಸ್ಕ್ರೂ ತಿರುಗಿಸಲು ಮೊದಲನೆಯದು ಧಾರಾಳ. ವೃತ್ತಾಕಾರದ ಗರಗಸಕ್ಕೆ ಅದನ್ನು ಹಾಕಿದರೆ ನಾಲ್ಕು ಹಲಗೆ ಕೊಯ್ಯುವಷ್ಟರಲ್ಲಿ ಮಂಕಾಗುತ್ತದೆ.

ಕೆಲಸದವರ ನಡುವೆ ಓಡಾಡಿ ಕೇಳಿದ್ದರಿಂದ ನನಗೆ ತೋರಿದ್ದು ಇಷ್ಟು. ಕಪಾಟು, ಬಾಗಿಲ ಬಿಜಾಗರಿಯ ಕೆಲಸವೇ ಹೆಚ್ಚಿದ್ದವರಿಗೆ 12 ವೋಲ್ಟಿನ ಹಗುರ ಯಂತ್ರ ಸಾಕು. ದಿನವಿಡೀ ತಲೆಯ ಮೇಲೆ ಕೈ ಎತ್ತಿ ಹಿಡಿಯುವವರಿಗೆ ಭಾರವೇ ಮೊದಲ ಪ್ರಶ್ನೆ. ದಾರಂದ, ಮಾಡು, ಗಟ್ಟಿ ಮರ ಎಂದರೆ 18 ವೋಲ್ಟ್. ಒಳಗೆ ಸುತ್ತಿಗೆಯಂತೆ ತಿರುಗುತ್ತ ಬಡಿಯುವ ಇಂಪ್ಯಾಕ್ಟ್ ಡ್ರೈವರ್ ಉದ್ದ ಸ್ಕ್ರೂಗೆ ವರವಿದ್ದಂತೆ, ಮಣಿಕಟ್ಟನ್ನು ತಿರುಚುವುದಿಲ್ಲ. ಕಾರ್ಬನ್ ಬ್ರಶ್ ಇಲ್ಲದ ಮೋಟಾರಿನ ಬೆಲೆ ಹೆಚ್ಚಾದರೂ ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ಓಡುತ್ತದೆ. ಘಟ್ಟದ ಕೆಳಗಿನ ಕೆಂಪುಕಲ್ಲಿನ ಗೋಡೆಗೆ ಸಾಮಾನ್ಯ ಹ್ಯಾಮರ್ ಡ್ರಿಲ್ ಸಾಕಾಗುತ್ತದೆ, ಕಾಂಕ್ರೀಟಿಗೆ ಬೇರೆಯದೇ ಬೇಕು. ರೌಟರ್, ದೊಡ್ಡ ಪ್ಲೇನರ್ ಇನ್ನೂ ವಯರಿನಲ್ಲೇ ಇರಲಿ. ದಿನಪೂರ್ತಿ ಮತ್ತಿ ಮರ ಕೀಸುವವರಿಗೆ ಬ್ಯಾಟರಿ ದುಬಾರಿ. ಕೊನೆಯದಾಗಿ, ಕೆಟ್ಟರೆ ರಿಪೇರಿ ಎಲ್ಲಿ ಎಂಬುದು. ಬಾಚಿಯ ಹಿಡಿಯಂತೆ ಇದನ್ನು ಮನೆಯಲ್ಲಿ ಮಾಡಲಾಗದು. ಪುತ್ತೂರಿನಲ್ಲೇ ಬಿಡಿಭಾಗ ಸಿಗುವ ಸಾಧಾರಣ ಯಂತ್ರ, ಬೆಂಗಳೂರಿಗೆ ಕಳುಹಿಸಬೇಕಾದ ಶ್ರೇಷ್ಠ ಯಂತ್ರಕ್ಕಿಂತ ಮೇಲು. ಅಗ್ಗದ ನಕಲಿ ಬ್ಯಾಟರಿ ಮಾತ್ರ ಯಾವ ಲೆಕ್ಕದಲ್ಲೂ ಲಾಭವಲ್ಲ. ಒಳಗಿನ ಕೋಶಗಳನ್ನು ಕಾಯುವ ಸರ್ಕ್ಯೂಟು ಅರೆಬರೆಯಾಗಿದ್ದರೆ ಚಾರ್ಜಿಗಿಟ್ಟ ಕೋಣೆಗೇ ಬೆಂಕಿ ಬೀಳಬಹುದು.

ಕೈಯ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಟೈಲ್ಸ್ ಕೊಯ್ಯುವ ಕಟ್ಟರಿಗೋ ಗ್ರೈಂಡರಿಗೋ ಮರದ ಬ್ಲೇಡ್ ಕೂಡಿಸಿ, ರಕ್ಷಣೆಯ ಮುಚ್ಚಳ ಕಿತ್ತೆಸೆದು, ಹಲಗೆಯಡಿ ತಲೆಕೆಳಗಾಗಿ ಬಿಗಿದು ಗರಗಸದ ಮೇಜಾಗಿಸುವುದು ನಮ್ಮಲ್ಲಿ ಎಲ್ಲೆಲ್ಲೂ ಇದೆ. ನನ್ನ ಬಂಧುವೊಬ್ಬರು ಎರಡು ಬೆರಳು ಕಳೆದುಕೊಂಡದ್ದು ಹೀಗೆಯೇ. ಹಣ ಉಳಿಸಲು ಮಾಡಿದ್ದು. ಉಳಿದ ಹಣ ಆಸ್ಪತ್ರೆಯ ಮೊದಲ ದಿನಕ್ಕೂ ಸಾಲಲಿಲ್ಲ. ಎರಡನೆಯ ಯಂತ್ರ ಕೊಳ್ಳುವಾಗ ಮುಚ್ಚಳವಿರುವ, ಕುದುರೆ ಬಿಟ್ಟೊಡನೆ ನಿಲ್ಲುವ ಗರಗಸವನ್ನೇ ಕೊಳ್ಳಿ ಎಂದು ನಾನು ಹೇಳುವುದಕ್ಕೆ ಕಾರಣ ಇದು.

ಕಚ್ಚುವ ಪೆಟ್ಟಿಗೆ

ಪೆಟ್ಟಿಗೆಯ ಕಥೆ ಚಿಕ್ಕದು. ಜರ್ಮನಿಯ ಟಾನೊಸ್ ಕಂಪನಿ 1993ರಲ್ಲಿ 'ಸಿಸ್ಟೇನರ್' ಎಂಬ ಪೆಟ್ಟಿಗೆ ತಂದಿತು. ಉದ್ದ 396, ಅಗಲ 296 ಮಿಲಿಮೀಟರ್. ಎತ್ತರ ಮಾತ್ರ ಬೇರೆ ಬೇರೆ. ತಳ ಒಂದೇ ಅಳತೆಯಾದ್ದರಿಂದ ಯಾವುದು ಯಾವುದರ ಮೇಲಾದರೂ ಕೂತು ಕಚ್ಚಿಕೊಳ್ಳುತ್ತದೆ. ಆಮೇಲೆ ಬಂದವೆಲ್ಲ ಇದರ ದಾಯಾದಿಗಳೇ; ಮಿಲ್ವಾಕಿ ಕಂಪನಿಯ 'ಪ್ಯಾಕೌಟ್' ಬಂದದ್ದು 2017ರಲ್ಲಿ. ಬ್ಯಾಟರಿಯಂತೆ ಇಲ್ಲೂ ಸಾಮಾನ್ಯವಾಗಿ ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದನ್ನು ಕಚ್ಚುವುದಿಲ್ಲ.

ಇವನ್ನು ರೂಪಿಸಿದವರ ಕಣ್ಣಮುಂದೆ ಇದ್ದದ್ದು ವ್ಯಾನಿನಲ್ಲಿ ಓಡಾಡುವ ಬಡಗಿ. ಗುಂಡ್ಯದ ಆಚಾರಿ ಬರುವುದು ಬೈಕಿನಲ್ಲಿ, ಇಲ್ಲವೇ ರಿಕ್ಷಾದಲ್ಲಿ. ಕಡೆಯ ಅರ್ಧ ಫರ್ಲಾಂಗು ಕೆಸರಿನ ಏರು. ಅಲ್ಲಿ ಪೆಟ್ಟಿಗೆಯ ಚಕ್ರ ಬರಿಯ ಭಾರ. ಆ ದಿನ ನಾನು ನೋಡಿದ ಮೂರು ಪೆಟ್ಟಿಗೆಗಳನ್ನೂ ಬಿಡಿಸಿ ಒಂದೊಂದಾಗಿ ಹೊತ್ತು ತಂದಿದ್ದರು. ಆದರೆ ಮುಚ್ಚಳದಂಚಿನ ರಬ್ಬರ್ ಪಟ್ಟಿ ಮಾತ್ರ ಈ ಮಳೆಯ ಸೀಮೆಯಲ್ಲಿ ಬೆಲೆಬಾಳುವಂಥದ್ದು. ಗೋಣಿಚೀಲದ ಉಳಿಗೆ ಎಣ್ಣೆ ಸವರಿಟ್ಟರೆ ತುಕ್ಕು ತಡೆಯುತ್ತಿತ್ತು. ಬ್ಯಾಟರಿಯ ತುದಿಗೆ ಎಣ್ಣೆ ಹಚ್ಚುವಂತಿಲ್ಲ. ನೀರು ಒಳಸೇರದ ಒಂದು ಪೆಟ್ಟಿಗೆಯನ್ನು ಬ್ಯಾಟರಿ, ಚಾರ್ಜರು, ಡ್ರಿಲ್ಲಿಗೆಂದು ಕೊಂಡರೆ ಹಣ ವ್ಯರ್ಥವಲ್ಲ. ಉಳಿದದ್ದಕ್ಕೆ? ಊರಿಗೆಲ್ಲ ಕಪಾಟು ಮಾಡಿಕೊಡುವ ಆಚಾರಿ ತನ್ನ ಹತ್ಯಾರಿಗೆ ಪ್ಲಾಸ್ಟಿಕ್ ಪೆಟ್ಟಿಗೆ ಕೊಳ್ಳುವುದು ನನಗೇಕೋ ಸರಿಕಾಣಲಿಲ್ಲ. ತಳ ಒಂದೇ ಅಳತೆ, ಎತ್ತರ ಬೇರೆ ಬೇರೆ ಎಂಬ ಆ ಜರ್ಮನ್ ಉಪಾಯಕ್ಕೆ ಪ್ಲೈವುಡ್ಡಿನ ಚೂರುಗಳೇ ಸಾಕು. ಹಾಗೆಂದು ಕೇಳಿದೆ. ಅದನ್ನು ಮಾಡಲು ಎರಡು ದಿನ ಬೇಕು, ಎರಡು ದಿನದ ಸಂಬಳ ಲೆಕ್ಕ ಹಾಕಿದರೆ ಪ್ಲಾಸ್ಟಿಕ್ಕೇ ಅಗ್ಗ ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಸತ್ತ ಬ್ಯಾಟರಿಯನ್ನು ಏನು ಮಾಡುತ್ತೀರೆಂದೂ ಕೇಳಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮರಳಿ ಪಡೆಯುವ ಹೊಣೆ ತಯಾರಕರದು. ಅವರು ಪೆಟ್ಟಿಗೆಯೊಂದರ ತಳದಿಂದ ಎರಡು ಹಳೆಯ ಬ್ಯಾಟರಿ ತೆಗೆದು ತೋರಿಸಿದರು. ಎಸೆಯಲು ಮನಸ್ಸಿಲ್ಲ, ಕೊಡಲು ಜಾಗ ಗೊತ್ತಿಲ್ಲ. ಆಯುಧಪೂಜೆಗೆ ಅವಕ್ಕೂ ಕುಂಕುಮ ಬಿದ್ದಿತ್ತು.

ಮಧ್ಯಾಹ್ನದ ಮೇಲೆ ಬಾಗಿಲಿಗೆ ಬೀಗ ಕೂರಿಸುವ ಕೆಲಸ ಬಂತು. ಡ್ರಿಲ್ಲಿನಲ್ಲಿ ಸಾಲಾಗಿ ತೂತು ಹೊಡೆದ ಮೇಲೆ ಆಚಾರಿಯವರು ಎದ್ದು ಗೋಣಿಯತ್ತ ಹೋದರು. ಅದರಿಂದ ಕಿರಿದಾದ ಉಳಿಯೊಂದನ್ನು ತೆಗೆದು, ಸಾಣೆಕಲ್ಲಿಗೆ ನೀರು ಹನಿಸಿ ನಾಲ್ಕು ಸಲ ತೀಡಿ, ಮೂಲೆಗಳನ್ನು ಬಿಡಿಸತೊಡಗಿದರು. ಕಲಿಯಲು ಬಂದಿದ್ದ ಹುಡುಗ ಟಾರ್ಚು ಹಿಡಿದು ನೋಡುತ್ತಿದ್ದ. ಐದು ಗಂಟೆಯ ಹೊತ್ತಿಗೆ ಹೊರಗೆ ಯಾರೋ ಕರೆಂಟು ಬಂತೆಂದು ಕೂಗಿದರು. ಹುಡುಗ ಟಾರ್ಚು ಕೆಳಗಿಟ್ಟು ಓಡಿದ, ಟೈಲ್ಸಿನವರಿಗಿಂತ ಮೊದಲು ಚಾರ್ಜರ್ ಸಿಕ್ಕಿಸಲು.